ನಡನೋವು ಅಂದುಕೊಂಡ ಐದು ತಿಂಗಳು

ಡ್ರೈವರ್ ಆದವನಿಗೆ ನಡಾ ನೋಯುವುದು ಸುದ್ದಿಯೇ ಅಲ್ಲ. ಮೂವತ್ತೊಂದು ವರ್ಷ ನಾನು ಸರ್ಕಾರಿ ಬಸ್ಸು ಓಡಿಸಿದವನು. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ನಡುವೆ ಕೆಲವು ವರ್ಷ ಧಾರವಾಡದ ರೂಟು. ನಡಾ ನೋಯದ ಡ್ರೈವರನನ್ನು ನಮ್ಮ ಡಿಪೋದಲ್ಲಿ ನಾನು ಕಂಡಿಲ್ಲ. ಹೀಗಾಗಿ ನಿವೃತ್ತನಾದ ಎರಡು ವರ್ಷಕ್ಕೆ ನಡುವಿನ ಎಡಗಡೆ, ಬೆನ್ನೆಲುಬಿನ ಮಗ್ಗುಲಿಗೆ ಒಂದು ನೋವು ಬಂದು ಕೂತಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ನಾನಂತೂ ಆಗಲೇ ಇಲ್ಲ.

ನಾವಿರುವುದು ದೊಡವಾಡದಲ್ಲಿ. ಅದು ನನ್ನ ಹೆಂಡತಿ ಗಂಗವ್ವನ ತವರೂರು. ಮಗ ಮಲ್ಲಪ್ಪ ಹೊಲ ನೋಡುತ್ತಾನೆ, ಎರಡು ಎಮ್ಮೆ ಕಟ್ಟಿದ್ದಾನೆ. ಸೊಸೆ ರೇಣುಕಾ ಸವದತ್ತಿ ಕಡೆಯವಳು, ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತಾಳೆ.

ಬೈಲಹೊಂಗಲದ ಎಲುಬಿನ ಡಾಕ್ಟರು ಬೆನ್ನಿನ ಫೋಟೋ ತೆಗೆಸಿದರು. "ವಯಸ್ಸಾತು, ಡ್ರೈವರಕಿ ಬ್ಯಾರೆ. ಎಲುಬು ಸವದಾವ," ಅಂದರು. ಅದರಲ್ಲಿ ತಪ್ಪೇನಿರಲಿಲ್ಲ, ಸವೆದದ್ದು ನಿಜವೇ. ಗುಳಿಗೆ ಕೊಟ್ಟರು, ನಡಕ್ಕೆ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ಗುಳಿಗೆ ನುಂಗಿದ ದಿನ ನೋವು ಸ್ವಲ್ಪ ಸರಿಯುತ್ತಿತ್ತು, ಮರುದಿನ ತನ್ನ ಜಾಗಕ್ಕೆ ಬಂದು ಕೂಡುತ್ತಿತ್ತು. ಗಂಗವ್ವ ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟಳು. ಎಣ್ಣೆ ತಿಕ್ಕಿದಳು. ಅಂಗಾತ ಮಲಗಿದಾಗ ಹೊಕ್ಕಳದ ಹತ್ತಿರ ಕೈಯಿಟ್ಟರೆ ಎದೆ ಬಡಿದ ಹಾಗೆ ಡುಬ್ ಡುಬ್ ಅನ್ನುತ್ತಿತ್ತು. ಎಲ್ಲರಿಗೂ ಹಾಗೇ ಇರುತ್ತದೆ ಅಂದುಕೊಂಡೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹಾಗೆ ಜೋರಾಗಿ ಬಡಿಯುತ್ತಿದ್ದರೆ, ದಯಮಾಡಿ ಡಾಕ್ಟರಿಗೆ ಒಂದು ಮಾತು ಹೇಳಿ. ನಾನು ಹೇಳಲಿಲ್ಲ.

ಮೂರು ತಿಂಗಳು ಕಳೆದರೂ ನೋವು ಇಳಿಯದಿದ್ದಾಗ ಗಂಗವ್ವ ಒಂದು ಮುಂಜಾನೆ, "ಮನ್ಯಾಗ ಮದ್ದ ಇಟಗೊಂಡು ಊರೆಲ್ಲಾ ತಿರಗಾಕತ್ತೀರಿ. ರೇಣುಕಾ ಕಾಲ ಮುಂದಾಗಿ ಹುಟ್ಟಿದಾಕಿ ಅಲ್ಲೇನು?" ಅಂದಳು.

ನಮ್ಮ ಕಡೆ ಈ ನಂಬಿಕೆ ಹಳೆಯದು. ಹೆರಿಗೆಯಲ್ಲಿ ತಲೆಗಿಂತ ಮೊದಲು ಕಾಲು ಹೊರಗೆ ಬಂದು ಹುಟ್ಟಿದವರು ಬೆನ್ನ ಮೇಲೆ ಕಾಲಿಟ್ಟರೆ ಹಿಡಿದ ನಡಾ ಬಿಡುತ್ತದೆ ಅನ್ನುತ್ತಾರೆ. ರೇಣುಕಾ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅತ್ತೀ, ಮಾವಾರ ಮೈಗೆ ನಾ ಕಾಲ ಹೆಂಗ ಹಚ್ಚಲಿ? ನನ್ನ ಕಡಿಂದ ಆಗೂದಿಲ್ರಿ."

"ಔಷಧ ಅಂತ ತಿಳಕೋ ಮಗಳ," ಅಂದೆ ನಾನು. "ಡಾಕ್ಟರ್ ಸೂಜಿ ಚುಚ್ಚಿದ್ರ ಅವರಿಗೆ ಪಾಪ ಹತ್ತತೈತೇನು?"

ಎರಡು ದಿನ ಒಲ್ಲೆ ಅಂದಳು. ಮೂರನೆಯ ದಿನ ರವಿವಾರ. ಕಾಲು ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು ಬಂದಳು. ಪಡಸಾಲೆಯಲ್ಲಿ ಬೋರಲಾಗಿ ಮಲಗಿದ್ದ ನನ್ನ ಪಾದ ಮುಟ್ಟಿ ಮೊದಲು ನಮಸ್ಕಾರ ಮಾಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಬಲಗಾಲನ್ನು ನನ್ನ ನಡದ ಮೇಲೆ ಮೂರು ಸಲ ಇಟ್ಟು ತೆಗೆದಳು. ಚಾದರದ ಮೇಲೆ ಬೆಕ್ಕು ನಡೆದಷ್ಟೂ ಭಾರವಿರಲಿಲ್ಲ. ಹೀಗೆ ಮೂರು ರವಿವಾರ ಆಯಿತು. ಮೂರನೆಯದು ಮುಗಿದ ಮೇಲೆ ಅವಳು ನೆಲ ನೋಡುತ್ತಲೇ, "ಏನರ ಫರಕ ಆತೇನ್ರಿ ಮಾವಾರ?" ಎಂದು ಕೇಳಿದಳು.

ಆಗ ನಾನು ಒಂದು ಸುಳ್ಳು ಹೇಳಿದೆ. "ಹೂಂ, ಹಗರ ಆಗೈತಿ ನೋಡು," ಅಂದೆ. ಅವಳ ಮುಖ ಅರಳಿತು. ಆ ಮುಖ ನೋಡಿದ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಧಾರವಾಡಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣ ಎನ್ನುತ್ತಿದ್ದ ಮಲ್ಲಪ್ಪ, ಹಗುರವಾಗಿದೆಯಲ್ಲ ಎಂದು ಸುಮ್ಮನಾದ. ಇನ್ನೂ ಒಂದೂವರೆ ತಿಂಗಳು ನಾನು ಹಲ್ಲು ಕಚ್ಚಿ ಓಡಾಡಿದೆ. ತಡವಾದದ್ದರ ಹೊಣೆ ಹೊರಬೇಕಾದವನು ಯಾರಾದರೂ ಇದ್ದರೆ ಅದು ನಾನೇ.

ಆಮೇಲೆ ಊಟ ಸೇರದಾಯಿತು. ಅಂಗಿ ಮೈಮೇಲೆ ಜೋಲತೊಡಗಿತು. ನೋವು ನಡದಿಂದ ಎಡ ಕಿಬ್ಬೊಟ್ಟೆಗೆ, ಅಲ್ಲಿಂದ ತೊಡೆಗೆ ಇಳಿಯಿತು. ಬೈಲಹೊಂಗಲದ ನಮ್ಮ ಖಾಯಂ ಡಾಕ್ಟರು, "ಕಿಡ್ನಿಯಾಗ ಕಲ್ಲ ಇರಬಹುದು, ಒಂದ ಸ್ಕ್ಯಾನ್ ಮಾಡಿಸ್ರಿ," ಎಂದು ಚೀಟಿ ಬರೆದರು. ಕಲ್ಲು ಅಂದದ್ದು ಕೇಳಿ ನನಗೆ ಖುಷಿಯೇ ಆಯಿತು. ಕಲ್ಲಾದರೆ ತೆಗೆಯಬಹುದಲ್ಲ.

ಮರುದಿನ ನಾನೊಬ್ಬನೇ ಮೋಟರ್‌ಸೈಕಲ್ ಹತ್ತಿ ಹೋದೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಬಸುರಿ ಹೆಣ್ಣುಮಕ್ಕಳೇ ಹೆಚ್ಚು. ಹೊಟ್ಟೆತುಂಬ ನೀರು ಕುಡಿದು ಪಾಳಿಯಲ್ಲಿ ಕೂತೆ. ಒಳಗೆ ಮೂವತ್ತೈದರ ಆಸುಪಾಸಿನ ಡಾಕ್ಟರಮ್ಮ. ಹೊಟ್ಟೆಗೆ ತಣ್ಣನೆಯ ಅಂಟು ಸವರಿ, ಯಂತ್ರದ ಹಿಡಿಕೆ ಆಡಿಸುತ್ತ, ಎಲ್ಲಿಯವರು, ಏನು ಕೆಲಸ ಅಂತ ಮಾತಾಡುತ್ತಿದ್ದರು. ನಡುವೆ ಒಮ್ಮೆಲೇ ಮಾತು ನಿಂತಿತು. ಹಿಡಿಕೆ ಹೊಕ್ಕಳದ ಮೇಲೆಯೇ ಮೂರು ನಾಲ್ಕು ಸಲ ಹೋಗಿ ಬಂತು.

"ಕಾಕಾ, ಇದಕ್ಕೂ ಮೊದಲ ಹೊಟ್ಟಿ ಸ್ಕ್ಯಾನ್ ಮಾಡಿಸಿದ್ರೇನು?"

"ಇಲ್ರಿ. ಬೆನ್ನಿನ ಫೋಟೋ ಅಷ್ಟ ತಗಸೇನಿ. ಕಲ್ಲ ಐತೇನ್ರಿ ಮೇಡಮ್ಮಾರ?"

ಅವರು ಹಿಡಿಕೆ ಕೆಳಗಿಟ್ಟರು. ಅಂಟು ಒರೆಸಿಕೊಂಡು ನಾನು ಏಳಲು ಹೋದಾಗ ಭುಜದ ಮೇಲೆ ಕೈಯಿಟ್ಟು ತಡೆದರು.

"ಏಳಬ್ಯಾಡ್ರಿ. ಹಂಗ ಮಲಕೊಂಡಿರ್ರಿ. ನಿಮ್ಮ ಜೋಡಿ ಯಾರ ಬಂದಾರ?"

"ಯಾರಿಲ್ರಿ. ಗಾಡಿ ಮ್ಯಾಲ ಒಬ್ಬಾವನ ಬಂದೇನಿ."

"ಗಾಡಿ ಕೀಲಿ ನನ್ನ ಕಡೆ ಕೊಡ್ರಿ."

ನನಗೆ ನಗು ಬಂತು. ಮೂವತ್ತೊಂದು ವರ್ಷ ಗಾಡಿ ಓಡಿಸಿದವನ ಕೈಯಿಂದ ಯಾರೂ ಕೀಲಿ ಕೇಳಿರಲಿಲ್ಲ. ಅವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಕಲ್ಲಲ್ಲ ಕಾಕಾ. ಎದಿಯಿಂದ ಹೊಟ್ಟಿಗೆ ಇಳಿಯೋ ದೊಡ್ಡ ರಕ್ತನಾಳ ಇರತೈತಿ. ನಿಮ್ಮದು ಅದು ಉಬ್ಬೈತಿ. ಅದರ ಹಿಂದ ರಕ್ತ ಸೋರಿದಂಗ ಕಾಣತೈತಿ. ನೀವು ಈಗ ನಡಿಯೂದು ಬ್ಯಾಡ."

"ನಾ ನಡಕೋಂತನ ಒಳಗ ಬಂದೇನಲ್ರಿ."

"ಬಂದೀರಿ. ಅದು ನಿಮ್ಮ ಪುಣ್ಯ. ಹಂಗ ಹೋಗೂದು ಬ್ಯಾಡ."

ಮಲ್ಲಪ್ಪ ದೊಡವಾಡದಿಂದ ಬರುವವರೆಗೆ, ಅಂಬುಲೆನ್ಸ್ ಸಿಗುವವರೆಗೆ, ಅವರು ಬೇರೆ ಯಾರನ್ನೂ ಒಳಗೆ ಕರೆಯಲಿಲ್ಲ. ಹೊರಗೆ ಒಬ್ಬ ಹೆಣ್ಣುಮಗಳು, "ನಮ್ಮ ಪಾಳಿ ಯಾವಾಗ್ರಿ, ನೀರ ಕುಡದ ಕುಂತೇವಿ," ಎಂದು ಗೊಣಗುವುದು ಕೇಳುತ್ತಿತ್ತು. ಡಾಕ್ಟರಮ್ಮ ನನ್ನ ರಕ್ತದೊತ್ತಡ ನೋಡುತ್ತ, ಯಾವ ರೂಟು, ಎಷ್ಟು ಟ್ರಿಪ್ಪು ಎಂದು ಕೇಳುತ್ತಲೇ ಇದ್ದರು. ನನ್ನನ್ನು ಶಾಂತವಾಗಿಡಲು ಮಾತಾಡಿಸುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಆದರೂ ಹಿತವಾಗಿತ್ತು. ಅವರ ಹೆಸರು ಕೇಳುವುದನ್ನೇ ಆವತ್ತು ಮರೆತೆ.

ಅಂಬುಲೆನ್ಸು ಹುಬ್ಬಳ್ಳಿಗೆ ಹೋಗಬೇಕು. ದಾರಿ ನಮ್ಮೂರ ಮೇಲೆಯೇ. ದೊಡವಾಡದ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಂತಿತು, ಗಂಗವ್ವ ಹತ್ತಿದಳು. ರೇಣುಕಾ ಚೀಲ ಕೊಟ್ಟು ಹಿಂದೆ ಸರಿದಳು. ನಾಕಾರು ಜನ ಬಗ್ಗಿ ನೋಡಿದರು. ಬಾಗಿಲು ಮುಚ್ಚಿದ ಮೇಲೆ ಗಂಗವ್ವ ನನ್ನ ಕಾಲ ಹತ್ತಿರ ಕೂತು, "ಹಸಿವಿ ಆಗೇತೇನ್ರಿ?" ಅಂದಳು. ಬೇರೇನು ಕೇಳಬೇಕೋ ಅವಳಿಗೆ ತೋಚಿರಲಿಲ್ಲ.

ಧಾರವಾಡದವರೆಗೆ ಆ ರಸ್ತೆಯ ಒಂದೊಂದು ತೆಗ್ಗೂ ನನಗೆ ಗೊತ್ತು. ಮಲಗಿದಲ್ಲಿಂದ ಕಾಣುತ್ತಿದ್ದದ್ದು ತಂತಿ ಮತ್ತು ಆಕಾಶ ಮಾತ್ರ. ಆದರೂ ತಿರುವು ಬಂದದ್ದು ಬೆನ್ನಿಗೆ ತಿಳಿಯುತ್ತಿತ್ತು. "ತಮ್ಮಾ, ಹಳ್ಳದ ಸೇತುವಿ ದಾಟಿದ ಕೂಡಲೇ ಎಡಕ್ಕ ತೆಗ್ಗ ಐತಿ, ಬಲಕ್ಕ ತಗೋ," ಎಂದು ಕೂಗಿದೆ. ಡ್ರೈವರು ವೇಗ ತಗ್ಗಿಸಿ ದಾಟಿಸಿದ. ಮತ್ತೆ ಎರಡು ಸಲ ಹಾಗೇ ಹೇಳಿದ ಮೇಲೆ, "ಯಜಮಾನ್ರ, ನೀವು ಮಲಕೊಂಡ ಗಾಡಿ ಹೊಡ್ಯಾಕತ್ತೀರಲ್ರಿ," ಅಂದ. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿ ದೊಡ್ಡ ಯಂತ್ರದೊಳಗೆ ಮಲಗಿಸಿ ಮತ್ತೆ ಸ್ಕ್ಯಾನ್ ಮಾಡಿದರು. ರಕ್ತನಾಳದ ಸರ್ಜನ್ ಐವತ್ತು ದಾಟಿದವರು, ಮೆಲ್ಲಗೆ ಮಾತಾಡುವವರು. ಮಂಚದ ಮೇಲೆಯೇ ಕೂತು ಹೇಳಿದರು:

"ನಾಳ ಉಬ್ಬಿ ಹಿಂದಿನ ಮಗ್ಗಲಿಗೆ ಒಡದೈತಿ. ಆದ್ರ ರಕ್ತ ಹೊಟ್ಟಿಯೊಳಗ ಚೆಲ್ಲಿಲ್ಲ. ಬೆನ್ನೆಲುಬಿನ ಮುಂದ ಹೆಪ್ಪುಗಟ್ಟಿ ನಿಂತೈತಿ. ಆ ಹೆಪ್ಪ ಗ್ವಾಡಿಯಂಗ ತಡಕೊಂಡೈತಿ."

"ಇವತ್ತ ಒಡದದ್ದೇನ್ರಿ?" ಎಂದ ಮಲ್ಲಪ್ಪ.

"ಅಲ್ಲ. ತಿಂಗಳುಗಟ್ಟಲೆ ಆಗೈತಿ." ನನ್ನ ಕಡೆ ತಿರುಗಿದರು. "ಹಿಂದ ಒಂದಿನ ಒಮ್ಮಿಗೇ ಜೋರ ನೋವ ಬಂದು, ಬೆವತು, ಚಕ್ಕರ ಬಂದಂಗ ಆಗಿತ್ತೇನ್ರಿ?"

ಇಲ್ಲ ಅನ್ನಲು ಹೊರಟವನಿಗೆ ಕಿತ್ತೂರು ನೆನಪಾಯಿತು. ಐದು ತಿಂಗಳ ಹಿಂದೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿಯುವಾಗ ಬೆನ್ನಿನಲ್ಲಿ ಕುಡುಗೋಲು ಎಳೆದ ಹಾಗಾಯಿತು. ಕಣ್ಣು ಕತ್ತಲೆ ಬಂದು ಕಟ್ಟೆಯ ಮೇಲೆ ಕೂತೆ. ಅಂಗಿ ತೊಯ್ದು ಹೋಗಿತ್ತು. ಪೇರಲಹಣ್ಣು ಮಾರುವ ಒಬ್ಬ ಮುದುಕಿ ತನ್ನ ತಂಬಿಗೆಯ ನೀರು ಕುಡಿಸಿ, "ಬಿಸಲಿಗೆ ಪಿತ್ತ ಆಗೈತಿ ಯಪ್ಪಾ, ತಡದ ಏಳು," ಅಂದಳು. ಅರ್ಧ ತಾಸು ಕೂತೆ, ಎದ್ದೆ, ನಿಶ್ಚಿತಾರ್ಥದ ಊಟಕ್ಕೂ ಹೋದೆ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ. ಗಂಗವ್ವ ನನ್ನ ಮುಖವನ್ನೇ ನೋಡುತ್ತ ನಿಂತಳು.

ಕೂಡಲೇ ಚಿಕಿತ್ಸೆ ಮಾಡಲಿಲ್ಲ. ಆ ಹೆಪ್ಪಿನಲ್ಲಿ ಸೋಂಕು ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಂತೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ದಿನ ಕಾಯಬೇಕು. ಒತ್ತಡ ಏರದಂತೆ ಹನಿಹನಿ ಔಷಧಿ. ಏಳಬಾರದು, ಮುಕ್ಕರಿಸಬಾರದು, ಕೆಮ್ಮಬಾರದು. ನಲವತ್ತು ವರ್ಷ ಬೀಡಿ ಸೇದಿದವನಿಗೆ ಕೆಮ್ಮಬೇಡ ಅಂದರೆ ಹೇಗೆ? ವಾರ್ಡಿನ ಆಯಾ ಒಂದು ದಿಂಬು ತಂದು ನನ್ನ ಕೈಗೆ ಕೊಟ್ಟಳು. "ಕೆಮ್ಮ ಬಂದ್ರ ಇದನ್ನ ಹೊಟ್ಟಿಗೆ ಅವಚಿಕೊಳ್ರಿ. ಮೆಲ್ಲಕ ಕೆಮ್ಮಿದ್ರೂ ಕೆಮ್ಮ ಹೋಗತೈತಿ." ಆ ಮೂರು ದಿನ ನಾನು ದಿಂಬನ್ನು ಕೂಸಿನ ಹಾಗೆ ಬಗಲಲ್ಲಿ ಇಟ್ಟುಕೊಂಡಿದ್ದೆ. ಹೊಟ್ಟೆಯ ಬಡಿತದ ಮೇಲೆ ಕೈಯಿಡಲು ಮಾತ್ರ ಧೈರ್ಯ ಬರಲಿಲ್ಲ.

ನೋಡಲು ಬಂದವರೆಲ್ಲ, "ನೀವು ಭಾಳ ಧೈರ್ಯಸ್ಥರು ಬಿಡ್ರಿ," ಎಂದು ಹೇಳಿ ಹೋಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಎರಡನೆಯ ದಿನ ರೇಣುಕಾ ಬಂದಳು. ಬುತ್ತಿ, ಮಜ್ಜಿಗೆ ತಂದಿದ್ದಳು. ಬಾಗಿಲಲ್ಲಿ ನಿಂತು ಅತ್ತೆಯ ಕೈಗೆ ಡಬ್ಬಿ ಕೊಟ್ಟು ಹೊರಗೆ ಹೋಗಿ ಕೂತಳು. ಸಂಜೆಯವರೆಗೂ ಒಳಗೆ ಬರಲಿಲ್ಲ. ಮರುದಿನವೂ ಹಾಗೇ. ಮಲ್ಲಪ್ಪನನ್ನು ಹತ್ತಿರ ಕರೆದು ಕೇಳಿದೆ. ಅವನು ಮಂಚದ ಸರಳು ಉಜ್ಜುತ್ತ ಹೇಳಿದ: ಡಾಕ್ಟರು ಒಡೆದಿದೆ ಅಂದ ದಿನ ಗಂಗವ್ವ ಗಾಬರಿಯಲ್ಲಿ ಫೋನಿನಲ್ಲಿ ಯಾರಿಗೋ, "ಸೊಸಿ ಕಡೆ ಬೆನ್ನ ತುಳಸಬಾರದಾಗಿತ್ತು," ಅಂದಿದ್ದಳಂತೆ. ಮಾತು ಊರಿಗೆ ಮುಟ್ಟಿ ರೇಣುಕಾಳ ಕಿವಿಗೂ ಬಿದ್ದಿತ್ತು. "ಆವತ್ತಿನಿಂದ ಸರಿಯಾಗಿ ಉಂಡಿಲ್ಲ ಅಪ್ಪಾ. ನನ್ನ ಕಾಲಿನಿಂದನ ಮಾವಾರ ನಾಳ ಒಡೀತು ಅಂತಾಳ."

ಗಂಗವ್ವ ಅಲ್ಲೇ ಇದ್ದಳು. ತಲೆ ತಗ್ಗಿಸಿದಳು. "ಹೆದರಿಕ್ಯಾಗ ಬಾಯಿಗೆ ಬಂದದ್ದ ಅಂದೆ. ತುಳಿಯಾಕ ಹೇಳಿದಾಕಿ ನಾನ," ಅಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಗುರವಾಗಿದೆ ಎಂದು ಸುಳ್ಳು ಹೇಳಿದವನು ನಾನಲ್ಲವೇ?

ನಾನು ಹೇಳಿದರೆ ರೇಣುಕಾ ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಳ್ಳುತ್ತಾಳೆ. ಸರ್ಜನ್ ಬಂದಾಗ ಎಲ್ಲವನ್ನೂ ಹೇಳಿ ಕೈಮುಗಿದೆ. ಅವರು ನಗಲಿಲ್ಲ, ನಮ್ಮ ನಂಬಿಕೆಯನ್ನು ಹೀಯಾಳಿಸಲೂ ಇಲ್ಲ. ಹೊರಗೆ ಹೋಗಿ ತಾವೇ ಅವಳನ್ನು ಕರೆತಂದರು. ಕಂಪ್ಯೂಟರನ್ನು ನನ್ನ ಮಂಚದ ಹತ್ತಿರ ತರಿಸಿ ಸ್ಕ್ಯಾನಿನ ಚಿತ್ರ ತೋರಿಸಿದರು.

"ಇಲ್ಲಿ ನೋಡವಾ. ಇದು ನಿಮ್ಮ ಮಾವನ ಬೆನ್ನೆಲುಬು. ಈ ಕಡೆ ಹೆಂಗ ಕೆರದಂಗ ಆಗೈತಿ ಕಾಣತೈತೇನು?"

"ಹೂಂ ರೀ."

"ನಾಳದ ಬಡತ ಬಡದೂ ಬಡದೂ ಎಲುಬು ಹಿಂಗ ಸವೀಬೇಕಂದ್ರ ತಿಂಗಳ ಬೇಕು. ಕಿತ್ತೂರಾಗ ಅವರು ಬೆವತ ಕುಂತರಲ್ಲ, ಒಡದದ್ದು ಹೆಚ್ಚುಕಡಿಮಿ ಆವಾಗ. ನೀ ಕಾಲಿಟ್ಟದ್ದು ಯಾವಾಗ?"

"ಎರಡ ತಿಂಗಳ ಆತ್ರಿ."

"ಹಂಗಾರ ನಿನ್ನ ಕಾಲಿಗಿಂತ ಮೊದಲ ಆದದ್ದಿದು."

ರೇಣುಕಾ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಮತ್ತ ನಾ ಇಟ್ಟದ್ದರಿಂದ ಹೆಚ್ಚಿಗೆ ಆಗಿಲ್ಲೇನ್ರಿ? ಖರೇ ಹೇಳ್ರಿ."

ಡಾಕ್ಟರು ಸ್ವಲ್ಪ ತಡೆದರು. ಆ ತಡೆದದ್ದಕ್ಕೇ ಅವರ ಮೇಲೆ ನನಗೆ ಗೌರವ ಹೆಚ್ಚಿತು. "ಖರೇ ಹೇಳತೇನಿ. ನೋವ ಯಾಕಂತ ಗೊತ್ತಿಲ್ಲದ ಯಾರ ಬೆನ್ನೂ ತುಳೀಬಾರದು, ತಿಕ್ಕಬಾರದು. ಇನ್ನಮ್ಯಾಲ ಯಾರರ ಕೇಳಿದ್ರ ಒಲ್ಲೆ ಅನ್ನು. ಆದ್ರ ಈ ಚಿತ್ರದಾಗ ಹೊಸಾ ರಕ್ತ ಇಲ್ಲ. ಎಲ್ಲಾ ಹಳೇದು. ನಿನ್ನಿಂದ ಏನೂ ಆಗಿಲ್ಲ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಗಂಗವ್ವ ಪಕ್ಕದಲ್ಲಿ ಕೂತು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಮೂರು ರವಿವಾರದ ಸುಳ್ಳನ್ನು ಒಪ್ಪಿಕೊಂಡೆ. "ಹಗರ ಆಗಿದ್ದಿಲ್ಲ ಮಗಳ. ನಿನ್ನ ಮಾರಿ ನೋಡಿ ಹಂಗ ಅಂದೆ." ಅವಳು ಮೂಗು ಒರೆಸಿಕೊಂಡು, "ನನಗ ಆವಾಗ ಗೊತ್ತಾಗಿತ್ರಿ ಮಾವಾರ," ಅಂದಳು. "ನೀವು ಏಳುವಾಗ ಗ್ವಾಡಿ ಹಿಡದಿದ್ರಿ. ನಾನೂ ಸುಮ್ನಾದೆ." ಒಂದು ಮನೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ನೋವಾಗದಿರಲೆಂದು ಸುಮ್ಮನಿದ್ದು ಎಂಥ ಅನಾಹುತಕ್ಕೆ ದಾರಿ ಮಾಡಿದೆವು ಎಂದು ಈಗಲೂ ಯೋಚಿಸುತ್ತೇನೆ.

ಸೋಂಕು ಇಲ್ಲ ಎಂದು ವರದಿ ಬಂತು. ಹೊಟ್ಟೆ ಕೊಯ್ಯದೆ, ಎರಡೂ ತೊಡೆಸಂದಿಯ ನಾಳಗಳಿಂದ ಒಂದು ಹೊಸ ಕೊಳವೆಯನ್ನು ಮೇಲಕ್ಕೆ ಏರಿಸಿ, ಒಡೆದ ಜಾಗದ ಒಳಗೆ ಬಿಚ್ಚಿ ಕೂಡಿಸುತ್ತೇವೆ, ರಕ್ತ ಇನ್ನು ಅದರೊಳಗೆ ಹರಿಯುತ್ತದೆ ಅಂದರು. ಮಲ್ಲಪ್ಪ ಸಹಿ ಮಾಡಿದ. ಒಳಗೆ ಒಯ್ಯುವಾಗ ಗಂಗವ್ವ ನನ್ನ ಹಣೆಗೆ ವಿಭೂತಿ ಹಚ್ಚಿದಳು. ನರ್ಸು ಒರೆಸಬೇಕಾಗಿತ್ತೋ ಏನೋ, ಒರೆಸಲಿಲ್ಲ.

ಎಚ್ಚರವಾದಾಗ ಗಂಟಲು ಒಣಗಿತ್ತು, ತೊಡೆಸಂದಿಯಲ್ಲಿ ಉರಿ. ನರ್ಸು ತಾಸಿಗೊಮ್ಮೆ ಬಂದು ನನ್ನ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕುತ್ತಿದ್ದಳು. ರಕ್ತ ಕಾಲಿನವರೆಗೆ ಹೋಗುತ್ತಿದೆಯೋ ಇಲ್ಲವೋ ಎಂದು ನೋಡುವ ರೀತಿಯಂತೆ. ವಾರ್ಡಿಗೆ ತಂದ ಮೇಲೆ ರೇಣುಕಾ ಅದನ್ನು ಕಲಿಸಿಕೊಡು ಎಂದು ನರ್ಸನ್ನು ಕೇಳಿದಳು. ಮೊದಲು ಸಿಗಲಿಲ್ಲ. ಬೆರಳು ಸರಿಸುತ್ತ, ಉಸಿರು ಹಿಡಿದು ಹುಡುಕಿದಳು. "ಸಿಕ್ತ್ರಿ ಮಾವಾರ! ಬಡ್ಯಾಕತ್ತೈತಿ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಮಂಚದವರು ಎದ್ದು ನೋಡಿದರು. ನಾನು ಬದುಕಿದೆ ಎಂದು ನನಗೆ ಖಾತ್ರಿಯಾದದ್ದು ಆಗ.

ಆರನೆಯ ದಿನಕ್ಕೆ ಮನೆಗೆ ಕಳಿಸಿದರು. ಎಲ್ಲ ಸರಿಹೋಯಿತು ಎಂದು ಹೇಳಿದರೆ ಮತ್ತೊಂದು ಸುಳ್ಳಾದೀತು. ಸವೆದ ಎಲುಬು ಮೊದಲಿನಂತೆ ತುಂಬಲಿಲ್ಲ, ಬಹಳ ಹೊತ್ತು ಕೂತರೆ ನಡಾ ಈಗಲೂ ನೋಯುತ್ತದೆ. ಆದರೆ ಇದು ಬೇರೆ ನೋವು, ಇದರ ಕಾರಣ ನನಗೆ ಗೊತ್ತು. ಬೀಡಿ ಬಿಟ್ಟೆ. ಮೊದಲ ತಿಂಗಳು ಹುಚ್ಚು ಹಿಡಿದಂತಾಗಿತ್ತು, ಗಂಗವ್ವ ಸೋಂಪಿನ ಡಬ್ಬಿ ಇಟ್ಟುಕೊಂಡು ಹಿಂದೆಯೇ ಓಡಾಡಿದಳು. ಕೊಳವೆ ಜಾರದೆ ತನ್ನ ಜಾಗದಲ್ಲೇ ಇದೆಯೇ ಎಂದು ನೋಡಲು ಆಗಾಗ ಸ್ಕ್ಯಾನ್ ಮಾಡಿಸಬೇಕು. 

ಬಿಡುಗಡೆಯ ದಿನ ಸರ್ಜನ್ ಇನ್ನೊಂದು ಮಾತು ಹೇಳಿದ್ದರು. ಈ ರೋಗ ಒಡಹುಟ್ಟಿದವರಲ್ಲೂ ಇರಬಹುದು, ಅವರ ಹೊಟ್ಟೆಯನ್ನೂ ಒಮ್ಮೆ ನೋಡಿಸಿ ಎಂದು. ನನಗೆ ಇರುವವನು ಒಬ್ಬನೇ ಅಣ್ಣ, ಫಕ್ಕೀರಪ್ಪ. ನಮ್ಮ ಹುಟ್ಟೂರು ಸುರೇಬಾನದಲ್ಲೇ ಹೊಲ ಮಾಡಿಕೊಂಡಿದ್ದಾನೆ. ನನಗಿಂತ ಎಂಟು ವರ್ಷ ದೊಡ್ಡವನು. ಫೋನಿನಲ್ಲಿ ಹೇಳಿದರೆ, "ನನಗ ನಡಾನೂ ನೋಯೂದಿಲ್ಲ, ಎದಿನೂ ನೋಯೂದಿಲ್ಲ, ಸುಮ್ನ ಬಿಡೋ," ಎಂದು ಇಟ್ಟುಬಿಟ್ಟ. ಎರಡು ತಿಂಗಳಾದ ಮೇಲೆ ನಾನೇ ಬಸ್ಸು ಹತ್ತಿ ಸುರೇಬಾನಕ್ಕೆ ಹೋದೆ. ಅವನು ಹೊಲದ ಬದುವಿನಲ್ಲಿದ್ದ. ನಾನು ವಾದ ಮಾಡಲಿಲ್ಲ. "ನನ್ನ ಸಲುವಾಗಿ ಬಾ ಅಣ್ಣಾ," ಎಂದೆ. ಅಂಗಿ ಕೊಡವಿಕೊಂಡು ಎದ್ದ.

ರಾಮದುರ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. ಅವನಿಗೂ ಉಬ್ಬು ಇತ್ತು. ಸಣ್ಣದು. ಈಗ ಏನೂ ಮಾಡಬೇಕಾಗಿಲ್ಲ, ಬೀಡಿ ಬಿಡಬೇಕು, ಆರು ತಿಂಗಳಿಗೊಮ್ಮೆ ಅಳೆದು ನೋಡಬೇಕು ಅಂದರು. ಹೊರಗೆ ಬಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಣ್ಣ ಚಹಾ ಹಿಡಿದುಕೊಂಡು ಕುಡಿಯದೆ ರಸ್ತೆ ನೋಡುತ್ತಿದ್ದ. ನನ್ನ ಕಡೆ ತಿರುಗಿ ಕೇಳಿದ:

"ತಮ್ಮಾ, ನಿನಗ ಹೆದರಿಕಿ ಆಗಿತ್ತೇನೋ?"

ಅಷ್ಟು ತಿಂಗಳಲ್ಲಿ ಈ ಮಾತನ್ನು ಯಾರೂ ನನಗೆ ಕೇಳಿರಲಿಲ್ಲ.

"ಆಗಿತ್ತಣ್ಣಾ," ಅಂದೆ. "ಭಾಳ ಆಗಿತ್ತು."

ಅವನು ತಲೆಯಾಡಿಸಿದ. ಬೆಂಚಿನ ಮೇಲೆ ನನ್ನ ಕಡೆ ಒಂದಿಷ್ಟು ಸರಿದು ಕೂತ. "ನನಗೂ ಆಗಾಕತ್ತೈತಿ," ಅಂದ. "ಆರ ತಿಂಗಳಿಗೆ ಮತ್ತ ಬರೂದು ಅಂದಾರಲ್ಲ, ಆವಾಗ ನೀನೂ ಬಾ. ಒಬ್ಬಾವನ ಆ ಟೇಬಲ್ ಮ್ಯಾಲ ಮಲಗಾಕ ಆಗೂದಿಲ್ಲ."

"ಬರತೇನಿ," ಅಂದೆ. ಆಮೇಲೆ ಅವನು ಆರಿದ ಚಹಾ ಕುಡಿದ.